ಎಡಕ್ಕೊಂದು, ಬಲಕ್ಕೊಂದು

ಶೂ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ದೋಣಿ ಎಂದೇ. ಆಳೆತ್ತರಕ್ಕೆ ಬೆಳೆದವಳು, ಅದಕ್ಕೆ ತಕ್ಕ ಪಾದ. ಹೆಂಗಸರ ಅಂಗಡಿಯಲ್ಲಿ ಅವಳ ಅಳತೆಯ ಚಪ್ಪಲಿ ಸಿಕ್ಕಿದ್ದೇ ಇಲ್ಲ. ಶಾಲೆಯಲ್ಲಿ ಆ ಪಾದಗಳನ್ನು ಬೆಂಚಿನ ಕೆಳಗೆ ಹಿಂದಕ್ಕೆಳೆದುಕೊಂಡು ಕೂರುತ್ತಿದ್ದವಳಿಗೆ ಈಗ ಅನ್ನ ಹಾಕುತ್ತಿದ್ದುದು ಅವೇ.

ಬೆಟ್ಟದ ದಾರಿಯಲ್ಲಿ ಓಡಿಸುವ ಸೈಕಲ್ಲಿಗೆ ಅಗಲವಾದ ಚಪ್ಪಟೆ ಪೆಡಲ್ ಇರುತ್ತದೆ. ಕಾಲನ್ನು ಅದಕ್ಕೆ ಸಿಕ್ಕಿಸುವ ಕೊಂಡಿ ಇಲ್ಲ. ಪೆಡಲಿನ ಮೇಲೆದ್ದ ಸಣ್ಣ ಸಣ್ಣ ಮೊಳೆಗಳು ಶೂವಿನ ರಬ್ಬರ್ ಅಟ್ಟೆಯನ್ನು ಕಚ್ಚಿ ಹಿಡಿಯಬೇಕು, ಅಷ್ಟೇ. ಸರಿಯಾಗಿ ಹಿಡಿಯದಿದ್ದರೆ ಕಾಲು ಜಾರಿ ಮೊಳೆ ಮೊಣಕಾಲ ಕೆಳಗೆ ಉದ್ದಕ್ಕೂ ಗೀರುತ್ತದೆ. ತೀರಾ ಬಿಗಿಯಾಗಿ ಹಿಡಿದರೂ ಕಷ್ಟ, ಬೀಳುವ ಗಳಿಗೆಯಲ್ಲಿ ಕಾಲು ಕಿತ್ತು ನೆಲಕ್ಕೆ ಊರಲಾಗುವುದಿಲ್ಲ. ಹೊಸ ಶೂ ತಯಾರಾದಾಗ ಅದನ್ನು ಹಾಕಿಕೊಂಡು ಬೆಟ್ಟ ಹತ್ತಿ ಇಳಿದು, ಹೇಗಿದೆ ಎಂದು ಹೇಳುವುದು ದೋಣಿಯ ಕೆಲಸ.

ಒಬ್ಬಳ ಮಾತು ಸಾಲದು ಎಂದು ಮಾಲಕಿ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕಿದ್ದು ಪಕ್ಕದ ಬೀದಿಯ ಶಾಲೆಯ ವ್ಯಾಯಾಮದ ಮೇಷ್ಟ್ರು. ಗಂಡಸಿಗೆ ಸ್ವಲ್ಪ ಚಿಕ್ಕದೇ ಅನ್ನಿಸುವ ಪಾದ. ಅಂಗಳದಲ್ಲಿ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಅಳೆದಾಗ ನಾಲ್ಕೂ ಪಾದ ಒಂದೇ ಅಳತೆ. ಅಂಟು ಹಚ್ಚುವ ಹೆಂಗಸರು ಕೆಲಸ ಬಿಟ್ಟು ನಿಂತು ನಕ್ಕರು. ಮಾಲಕಿಗೆ ಮಾತ್ರ ಖುಷಿಯೋ ಖುಷಿ.

"ಇನ್ನೇನು, ಎರಡು ಜೊತೆ ಮಾಡಿದ್ರೆ ಸಾಕು. ಒಂದು ಮೆತ್ತನೆ ಅಟ್ಟೆ, ಒಂದು ಗಟ್ಟಿ ಅಟ್ಟೆ. ಎಡಕ್ಕೊಂದು ಬಲಕ್ಕೊಂದು ಹಾಕ್ಕೊಳ್ಳಿ. ಇಬ್ಬರಿಗೂ ಎರಡೂ ಗೊತ್ತಾಗುತ್ತೆ."

ಮೇಷ್ಟ್ರು ಅವಳ ಕಡೆ ತಿರುಗಿ, "ಏನಂತೀರಿ ದೋಣಿಯವರೇ?" ಎಂದರು. ಅಡ್ಡಹೆಸರಿಗೂ 'ಅವರೇ' ಸೇರಿಸಿದ್ದು ಕೇಳಿ ಹೆಂಗಸರ ನಗು ಇನ್ನೂ ಜೋರಾಯಿತು. ದೋಣಿಗೆ ನಗು ಬರಲಿಲ್ಲ. ಆ ಹೆಸರು ಅಷ್ಟು ಮರ್ಯಾದೆಯಾಗಿ ಕಿವಿಗೆ ಬಿದ್ದದ್ದು ಅದೇ ಮೊದಲು.

ಶಾಲೆಗೆ ರಜೆ ಇದ್ದಾಗಲೆಲ್ಲ ಬೆಳಿಗ್ಗೆ ಇಬ್ಬರೂ ಸೈಕಲ್ ತಳ್ಳಿಕೊಂಡು ಬೆಟ್ಟ ಹತ್ತುತ್ತಿದ್ದರು. ಮೇಲೆ ಚಪ್ಪಟೆ ಬಂಡೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ಬೇರು ತುಂಬಿದ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು. ಕೆಳಗೆ ಬಂದು ಎಲ್ಲಿ ಜಾರಿತು, ಯಾವ ಕಾಲಿನ ಅಂಗಾಲು ನೋಯುತ್ತಿದೆ ಎಂದು ಹೇಳಿಕೊಂಡು ಮತ್ತೆ ಹತ್ತುತ್ತಿದ್ದರು. ಮೇಷ್ಟ್ರು ಮಾತುಗಾರರು. ಹೆಂಡತಿ ಬೇರೆಯಾಗಿ ಮಗಳೊಂದಿಗೆ ಸಮುದ್ರದ ಪಕ್ಕದ ಊರಿನಲ್ಲಿ ಇರುವುದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ದೋಣಿ ಕೇಳುವವಳು. ಬಂಡೆಯ ಮೇಲೆ ತನ್ನ ಕಾಲುಗಳನ್ನು ಅವರ ಕಾಲುಗಳ ಪಕ್ಕ ಚಾಚಿಕೊಂಡು ಕೂರಲು ಅವಳಿಗೆ ಈಗ ನಾಚಿಕೆಯಾಗುತ್ತಿರಲಿಲ್ಲ.

ಮನೆಯಲ್ಲಿ ಅಮ್ಮನ ಕಣ್ಣು ತಪ್ಪಿಸಲು ಸಾಧ್ಯವೇ? "ರಜಾ ದಿನಾನೂ ಕೆಲಸಕ್ಕೆ ಹೋಗ್ತೀಯ, ಅದೂ ಹಾಡು ಹೇಳ್ಕೊಂಡು!" ಎಂದಳು ಒಂದು ದಿನ, ಒಗೆದ ಬಟ್ಟೆ ಕೊಡವುತ್ತಾ.

"ಶೂ ಚೆನ್ನಾಗಿದೆ ಅಮ್ಮ."

"ಹೌದಾ? ಶೂಗೆ ಮೀಸೆ ಇದೆಯಾ?"

ದೋಣಿ ಬಕೆಟ್ಟಿಗೆ ಬಗ್ಗಿ ಮುಖ ಮರೆಸಿಕೊಂಡಳು. ಅಮ್ಮ ಮತ್ತೆ ಕೆದಕಲಿಲ್ಲ.

ಒದ್ದೆ ನೆಲದ ಪರೀಕ್ಷೆ ಬಾಕಿ ಇತ್ತು. ಮೋಡ ಕವಿದ ಒಂದು ಬೆಳಿಗ್ಗೆ ಶೂಗಳನ್ನು ನೀರಿನಲ್ಲಿ ಮುಳುಗಿಸಿ ತೆಗೆದು, ಪಚಪಚ ಸದ್ದು ಮಾಡುತ್ತಾ ಹೊರಟರು. ಅಂದು ಮೇಷ್ಟ್ರ ಮಾತು ಕಡಿಮೆ. ಬೇರುಗಳ ಮೇಲೆ ಅವರ ಬಲಗಾಲು ಜಾರಿತು. ಪೆಡಲ್ ಗಿರ್ರನೆ ತಿರುಗಿ ಮೊಣಕಾಲ ಕೆಳಗೆ ಬಡಿಯಿತು. ದೋಣಿ ಸೈಕಲ್ ಅಲ್ಲೇ ಬಿಸಾಡಿ ಓಡಿದಳು. ನೀರಿನ ಬಾಟಲಿಯಿಂದ ಗಾಯ ತೊಳೆದು ತನ್ನ ಕರವಸ್ತ್ರ ಕಟ್ಟಿದಳು. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡದ್ದು ಅವಳಿಗೆ ಅರಿವಾದದ್ದು ಗಂಟು ಹಾಕಿದ ಮೇಲೆಯೇ.

"ಗಟ್ಟಿ ಅಟ್ಟೆ ಒದ್ದೆಯಾದ್ರೆ ಹಿಡಿಯಲ್ಲ," ಎಂದಳು, ಏನಾದರೂ ಹೇಳಬೇಕಲ್ಲ ಎಂದು.

"ಅಟ್ಟೆದು ತಪ್ಪಿಲ್ಲ. ನನ್ನ ಗಮನ ಎಲ್ಲೋ ಇತ್ತು," ಎಂದರು ಮೇಷ್ಟ್ರು. "ಮಗಳು ಫೋನ್ ಮಾಡಿದ್ಲು. 'ಅಪ್ಪ, ನೀವು ಬಂದು ಬಂದು ಹೋಗೋದು ಬೇಡ, ಇಲ್ಲೇ ಇದ್ದುಬಿಡಿ' ಅಂದ್ಲು. ಅಲ್ಲೊಂದು ಶಾಲೇಲಿ ಕೆಲಸ ಸಿಕ್ಕಿದೆ, ಅವರ ಮನೆ ಹತ್ರಾನೇ ಒಂದು ಬಾಡಿಗೆ ಮನೇನೂ. ಈ ತಿಂಗಳ ಕೊನೆಗೆ ಹೊರಡ್ತೀನಿ."

ಹೋಗಬೇಡಿ ಎನ್ನುವ ಮಾತು ದೋಣಿಯ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನನ್ನು ಕಾಯುವ ಹುಡುಗಿಗೆ ಅಡ್ಡ ನಿಲ್ಲುವುದು ಹೇಗೆ?

"ಒಳ್ಳೇದಾಯ್ತು," ಎಂದಳು. "ಹೋಗ್ಲೇಬೇಕು."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಇನ್ನೇನೋ ಬರುತ್ತದೆ ಎಂದು ಕಾದಂತಿತ್ತು. ಅವಳು ಎದ್ದು ಸೈಕಲ್ ನೆಟ್ಟಗೆ ಮಾಡಿ, ಬಾಗಿದ ಬ್ರೇಕನ್ನು ಸರಿಮಾಡತೊಡಗಿದಳು.

ಅವರು ಹೋದರು. ಅವರ ಜಾಗಕ್ಕೆ ಬಂದ ಅಂಚೆಯವನು ಸೈಕಲ್ ಚೆನ್ನಾಗಿಯೇ ಓಡಿಸುತ್ತಿದ್ದ. ಆದರೆ ಅವನ ಪಾದ ಬೇರೆ ಅಳತೆ. ಅವನಿಗೆಂದೇ ಬೇರೆ ಜೊತೆ ಹೊಲಿಸಬೇಕಾಯಿತು. ಬಂಡೆಯ ಮೇಲೆ ಅವನು ಕೂರುತ್ತಲೂ ಇರಲಿಲ್ಲ, ನೇರ ಇಳಿದುಬಿಡುತ್ತಿದ್ದ. ದೋಣಿ ಒಬ್ಬಳೇ ಕೂರುತ್ತಿದ್ದಳು. ಹೊಸ ಶೂ ಹಾಕಿಕೊಂಡಾಗಲೆಲ್ಲ ಹೇಳಲು ಏನೋ ಇರುತ್ತಿತ್ತು: ಈ ಅಟ್ಟೆ ತೀರಾ ಅಂಟುತ್ತೆ, ಇಟ್ಟ ಕಾಲು ಸರಿಸೋಕೇ ಆಗಲ್ಲ, ಹಿಮ್ಮಡಿ ಹೊರಗೆ ಬರುತ್ತೆ. ಮಾಲಕಿಗೆ ಅದನ್ನೆಲ್ಲ ಹೇಳುತ್ತಿದ್ದಳು. ಆದರೂ ಯಾರಿಗೂ ಹೇಳಿದಂತೆ ಆಗುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅನ್ನದ ಸೌಟು ಹಿಡಿದು ನಿಂತಳು. "ಆ ಮೇಷ್ಟ್ರ ನಂಬರ್ ಇಲ್ವಾ ನಿನ್ನ ಹತ್ರ?"

"ಇದೆ. ಫೋನ್ ಮಾಡಿ ಏನಂತ ಹೇಳ್ಲಿ?"

"ಅದನ್ನ ನಾನು ಹೇಳಿಕೊಡ್ಬೇಕಾ? ಇಷ್ಟು ಉದ್ದ ಬೆಳೆದಿದ್ದೀಯ."

ಮುಂದಿನ ಭಾನುವಾರ ಬಂಡೆಯ ಮೇಲೆ ಕೂತು ಅವಳು ಫೋನ್ ಮಾಡಿದಳು. ಆ ಕಡೆ ಗಾಳಿಯ ಸದ್ದು, ಯಾವುದೋ ಮಗುವಿನ ಕೂಗು.

"ದೋಣಿಯವರೇ!" ಎಂದರು ಮೇಷ್ಟ್ರು. ಎಷ್ಟು ಜೋರಾಗಿ ಎಂದರೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಬೆಟ್ಟದಲ್ಲಿದ್ದೀರಾ?"

"ಹೂಂ. ನೀವು ಸೈಕಲ್ ಓಡಿಸ್ತೀರಾ?"

"ಇಲ್ಲೆಲ್ಲಿ ಬೆಟ್ಟ? ಊರೆಲ್ಲ ಅಂಗೈ ಥರ ಇದೆ. ಮಗಳನ್ನ ಹಿಂದೆ ಕೂರಿಸ್ಕೊಂಡು ಸಮುದ್ರದವರೆಗೂ ಹೋಗಿ ಬರ್ತೀನಿ."

ಮಾತನ್ನು ಅಲ್ಲಿಗೇ ಬಿಟ್ಟರೆ ಫೋನ್ ಇಡುವ ಹೊತ್ತಾಗುತ್ತದೆ ಎಂದು ದೋಣಿಗೆ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡಳು. "ಅವತ್ತು ಹೋಗ್ಲೇಬೇಕು ಅಂದೆ. ಅದು ನಿಜ. ಆದ್ರೆ ನೀವಿಲ್ದೆ ನನಗೆ ಇಲ್ಲಿ ಏನೂ ಸೇರ್ತಾ ಇಲ್ಲ."

ಆ ಕಡೆ ಮಗುವಿನ ಕೂಗು ದೂರವಾಯಿತು, ಮೇಷ್ಟ್ರು ಪಕ್ಕಕ್ಕೆ ನಡೆದುಹೋದಂತಿತ್ತು.

"ಮಗಳು ದೊಡ್ಡವಳಾಗೋವರೆಗೂ ನಾನು ಈ ಊರು ಬಿಡೋ ಹಾಗಿಲ್ಲ," ಎಂದರು ಮೇಷ್ಟ್ರು ಮೆಲ್ಲಗೆ.

"ಬಿಡಿ ಅಂದ್ನಾ ನಾನು?"

"ಇಲ್ಲ. ನಾನೇ ನನಗೆ ದಿನಾ ಹೇಳ್ಕೊತೀನಿ. ಇವತ್ತು ನಿಮಗೂ ಹೇಳ್ದೆ." ಅವರ ದನಿ ಒಡೆಯಿತು, ಕೆಮ್ಮಿದರು. "ಮುಂದಿನ ಭಾನುವಾರ ಮತ್ತೆ ಮಾಡ್ತೀರಾ?"

"ನೀವೇ ಮಾಡಿ. ನಾನು ಇಲ್ಲೇ ಕೂತಿರ್ತೀನಿ."

"ಮಾಡ್ತೀನಿ," ಎಂದರು. ಫೋನನ್ನು ಮೊದಲು ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೊನೆಗೆ ಆ ಕಡೆಯಿಂದ ಮಗಳು ಅಪ್ಪಾ ಎಂದು ಕರೆದಳು.

ದೋಣಿ ಕಣ್ಣೊರೆಸಿಕೊಂಡು ಸೈಕಲ್ ಹತ್ತಿದಳು. ಬೇರುಗಳು, ಕಲ್ಲಿನ ಮೆಟ್ಟಿಲು, ಕೆಳಗಿನ ತಿರುವು, ಎಲ್ಲ ದಾಟಿ ಬಯಲಿಗೆ ಬಂದು ನಿಂತಾಗ ಅವಳಿಗೆ ಹೊಳೆಯಿತು: ಉದ್ದಕ್ಕೂ ಶೂ ಹೇಗಿದೆ ಎಂದು ಒಂದು ಚೂರೂ ಗಮನಿಸಿರಲಿಲ್ಲ. ಮಾಲಕಿ ಕೇಳಿದರೆ ಹೇಳಲು ಏನೂ ಇಲ್ಲ. ತನ್ನಷ್ಟಕ್ಕೆ ನಕ್ಕು, ಸೈಕಲ್ ತಿರುಗಿಸಿ, ತಳ್ಳಿಕೊಂಡು ಮತ್ತೆ ಮೇಲಕ್ಕೆ ಹೊರಟಳು.