ಎಡಜೇಬಿನ ಕಲ್ಲು

ನನ್ನ ಮೈದುನ ಕರಿಬಸವಯ್ಯ ಯಾರ ಮನೆಗೆ ಹೋದರೂ ಹೊಸ್ತಿಲ ಮುಂದೆ ಸೊಂಟ ಬಗ್ಗಿಸಿ ಒಂದು ಗಳಿಗೆ ನಿಂತುಬಿಡುತ್ತಾನೆ. ಕಂಡವರು ಎಂಥ ಭಕ್ತಿವಂತನಪ್ಪಾ ಎಂದುಕೊಳ್ಳುತ್ತಾರೆ. ಗುಬ್ಬಿಯಲ್ಲಿ ನನ್ನ ಮಗಳು ರೂಪಶ್ರೀಗೆ ಗಂಡು ನೋಡಲು ಹೋದಾಗ ಆ ಮನೆಯ ಯಜಮಾನರು ಇವನ ವಿನಯಕ್ಕೆ ಕರಗಿ ತಾವೂ ಬಗ್ಗಿ ಕೈಮುಗಿದರು. ಇವನು ತಲೆಯೆತ್ತಿ ಹೇಳಿದ್ದೇನು ಗೊತ್ತೇ? "ಈ ಲಾಳದ ಕುದ್ರೆ ಬಲಗಾಲು ಎಳೀತಿತ್ತು, ಸ್ವಾಮಿ."

ದೃಷ್ಟಿಯಾಗದಿರಲೆಂದು ನಮ್ಮ ಕಡೆ ಹೊಸ್ತಿಲಿಗೆ ಹಳೆಯ ಲಾಳ ಬಡಿಯುತ್ತಾರಲ್ಲ, ಅದನ್ನು ಇವನು ಓದುತ್ತಾನೆ. ಯಾವ ಮಗ್ಗುಲು ಸವೆದಿದೆ, ಮೊಳೆ ಎಲ್ಲಿ ಸಡಿಲವಾಗಿತ್ತು ಎಂಬುದನ್ನು ನೋಡಿ, ಎಂದೋ ಸತ್ತ ಕುದುರೆಯ ನಡಿಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಸಂಬಂಧವೇನೋ ಕೂಡಿಬಂತು. ಮದುವೆಯ ದಿನ ಬೀಗರು ಮಾತ್ರ ಹುಡುಗನನ್ನು ಎರಡು ಸಲ ನಡೆಸಿ ತೋರಿಸಿದರು, ನಗುತ್ತಲೇ.

ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಗೊರಸು ಕೆತ್ತಿ ಲಾಳ ಹೊಡೆಯುವ ಕೆಲಸದಲ್ಲಿ ತಲೆ ನರೆಸಿಕೊಂಡು, ನಿವೃತ್ತನಾಗಿ, ಮರಳೂರಿನಲ್ಲಿ ನಮ್ಮ ಪಕ್ಕದ ಮನೆಗೇ ಬಂದು ಸೇರಿದವನು ಇವನು. ನಮಗೆ ಗೊರಸೆಂದರೆ ಗೊರಸು. ಇವನಿಗೆ ಬಟ್ಟಲಿನಂತೆ ಆಳವಾದದ್ದು ಬೇರೆ, ತಟ್ಟೆಯಂತೆ ಹರಡಿಕೊಂಡದ್ದು ಬೇರೆ. ಬೇಸಗೆಯಲ್ಲಿ ಕೆರೆಯಂಗಳದ ಮಣ್ಣಿನಂತೆ ಬಿರಿಯುವುದು ಒಂದು, ಮಳೆಗಾಲದಲ್ಲಿ ನೆಂದ ಹಪ್ಪಳದಂತೆ ಮೆತ್ತಗಾಗುವುದು ಇನ್ನೊಂದು. ಹುತ್ರಿದುರ್ಗದ ಕಲ್ಲುನೆಲದಲ್ಲಿ ಮೇದು ಬೆಳೆದ ತಟ್ಟುಕುದುರೆಯದು ಮತ್ತೊಂದು. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಬೇಡಪ್ಪ ಎಂದು ನಾನು ಬೈದದ್ದುಂಟು. ನನ್ನ ರಾಗಿಮುದ್ದೆ ನೋಡಿ, "ಅತ್ತಿಗೆ, ಇದು ಮರಿಕುದ್ರೆ ಗೊರಸಿನ ಥರಾನೇ ನುಣ್ಣಗೈತೆ" ಅಂದವನು ಅವನು. ಹೊಗಳಿಕೆ ಅಂದುಕೊಂಡೆ.

ಇಷ್ಟು ಭೇದ ಬಲ್ಲ ಮನುಷ್ಯನಿಗೆ ಇನ್ನೊಂದು ಹುಚ್ಚು: ಎಲ್ಲವೂ ಸಮವಾಗಿರಬೇಕು. ವಿಭೂತಿಯ ಮೂರು ಗೆರೆಗಳನ್ನು ಕನ್ನಡಿಯಲ್ಲಿ ಸರಿದೂಗಿಸದೆ ಬಾಗಿಲು ದಾಟುವುದಿಲ್ಲ. ಮೀಸೆಯ ಎರಡು ತುದಿಯನ್ನೂ ಬೆರಳಿನಲ್ಲಿ ಅಳೆಯುತ್ತಾನೆ. ಮಣ್ಣಿನ ಬಣ್ಣದ ಒಂದು ಹಳೆಯ ಕೋಟಿದೆ. ಅದರ ಬಲಜೇಬಿನಲ್ಲಿ ಸದಾ ಗೊರಸು ಉಜ್ಜುವ ಅರ, ಮೊಳೆ ಕೀಳುವ ಇಕ್ಕಳ. ಆ ಭಾರಕ್ಕೆ ಕೋಟು ಒಂದು ಕಡೆ ಜೋಲುತ್ತದೆಂದು ಎಡಜೇಬಿನಲ್ಲಿ ಅಷ್ಟೇ ತೂಕದ ಕಲ್ಲೊಂದನ್ನು ಹಾಕಿಕೊಂಡು ತಿರುಗುತ್ತಿದ್ದ. ಒಗೆದು ಕೊಡುತ್ತೇನೆಂದು ಕೋಟನ್ನು ಇಸಿದುಕೊಂಡ ದಿನ ಆ ಕಲ್ಲು ನನ್ನ ಪಾದದ ಮೇಲೆ ಬಿದ್ದಿತ್ತು. ಆ ಮಾತು ಈಗ ಬೇಡ.

ನಿವೃತ್ತಿಯ ಮೇಲೂ ಅವನ ಕೈಯಲ್ಲಿ ಉಳಿದದ್ದು ಒಂದೇ ಕುದುರೆ, ನಿಟ್ಟೂರಿನ ಪುಟ್ಟಗಂಗಮ್ಮನ ಸಂಪಿಗೆ. ಗಂಡ ಹೋದಮೇಲೆ ಆ ಹೆಂಗಸು ಸುತ್ತಲಿನ ಮದುವೆ ಮೆರವಣಿಗೆಗೆ ಬಿಳಿ ಹೆಣ್ಣುಕುದುರೆಯನ್ನು ಕಳಿಸಿಯೇ ಸಂಸಾರ ತೂಗಿಸುತ್ತಿದ್ದಳು. ಲಾಳ ಹೊಡೆಯುತ್ತಿದ್ದ ಚಿಕ್ಕಬೋರಯ್ಯ ತೀರಿಕೊಂಡಾಗ ಇವನು ತಾನಾಗಿಯೇ ಆ ಕೆಲಸ ವಹಿಸಿಕೊಂಡ. ರೈಲಿಳಿದು ಹಿತ್ತಲ ಓಣಿಯಿಂದ ನೇರ ಲಾಯಕ್ಕೆ ಹೋಗಿ, ಗೊರಸು ಹಿಡಿದು ಕೂತು, ಬಂದ ದಾರಿಯಲ್ಲೇ ಮರಳುತ್ತಿದ್ದ. ಕಾಸು ಕೊಟ್ಟರೆ ಸಿಡುಕುತ್ತಿದ್ದ. ಅಷ್ಟು ಅಕ್ಕರೆ.

ಆದರೂ ಸಂಪಿಗೆ ಕುಂಟತೊಡಗಿತು. ಮೊದಲು ಕಂಡೂ ಕಾಣದಂತೆ, ಆಮೇಲೆ ಮೆರವಣಿಗೆಯ ಡೊಳ್ಳಿನವರಿಗೂ ಕಾಣುವಂತೆ. ಅದರ ಮುಂಗಾಲಿನ ಗೊರಸುಗಳಲ್ಲಿ ಎಡದ್ದು ಇಕ್ಕಟ್ಟು, ನೆಟ್ಟಗೆ. ಬಲದ್ದು ಅಗಲ, ಚಪ್ಪಟೆ. ಇವನು ಪ್ರತಿಸಲವೂ ಎಡದರ ಹಿಮ್ಮಡಿಯನ್ನು ಅರದಿಂದ ಉಜ್ಜಿ ತಗ್ಗಿಸಿ ಎರಡನ್ನೂ ಜೋಡಿ ಮಾಡುತ್ತಿದ್ದ. ಪಶುವೈದ್ಯೆ ಅರುಣಾ, ಚಿಕ್ಕ ವಯಸ್ಸಿನ ಹುಡುಗಿ, ಒಮ್ಮೆ ಕಾಲು ಸವರಿ ನೋಡಿ, "ತಾತ, ಹಿಂದುಗಡೆ ನರ ಎಳೀತೈತೆ. ಆ ಹಿಮ್ಮಡಿ ಮುಟ್ಬೇಡಿ, ಅದು ಹುಟ್ಟಿರೋದೇ ಹಂಗೆ" ಅಂದಿದ್ದಳು. ಇವನು ಮನೆಗೆ ಬಂದು ನನ್ನೆದುರು ಕೂಗಾಡಿದ: "ನಿನ್ನೆ ಮೊನ್ನೆ ಬಂದ ಕೂಸು, ನಂಗೇ ಹೇಳ್ತಾಳೆ!" ಹೋಗಿ ಇನ್ನಷ್ಟು ಉಜ್ಜಿ ಬಂದ.

ಕೊನೆಗೆ ಪುಟ್ಟಗಂಗಮ್ಮ ಸೋತು ದಲ್ಲಾಳಿಗೆ ಹೇಳಿಕಳಿಸಿದಳು. ಕುಂಟು ಕುದುರೆಯನ್ನು ಕೊಂಡವರು ಅದನ್ನು ಎಲ್ಲಿಗೆ ಸಾಗಿಸುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವ ಹೊತ್ತಿಗೆ ನೀನು ಇರಬೇಕಣ್ಣ ಎಂದು ಅವಳು ಫೋನು ಮಾಡಿದಾಗ ಇವನ ಮುಖ ನೋಡಲಾರದೆ ನಾನೂ ಜೊತೆಗೆ ಹೊರಟೆ. ಅತ್ತಿಗೆಯನ್ನು ಸಗಣಿ ತುಳಿಸಿಕೊಂಡು ಹಿತ್ತಲಿಂದ ಕರೆದೊಯ್ಯಲಾದೀತೇ? ಅಂದು ಮೊದಲ ಬಾರಿಗೆ ಅವನು ಆ ಮನೆಯ ಮುಂಬಾಗಿಲಿಗೆ ಬಂದ. ಬಂದವನು ರೂಢಿಯಂತೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

ಹೊಸ್ತಿಲ ಎರಡು ತುದಿಗೆ ಎರಡು ಲಾಳಗಳಿದ್ದವು. ಒಂದು ಇಕ್ಕಟ್ಟು, ಒಂದು ಅಗಲ. ಎರಡೂ ಎಲ್ಲ ಕಡೆ ಒಂದೇ ಹದಕ್ಕೆ ಸವೆದಿದ್ದವು, ಕುಂಟದೆ ನಡೆದ ಕುದುರೆಯವುಗಳಂತೆ.

"ಇವು ಯಾವ ಕುದ್ರೇವು, ಪುಟ್ಟಗಂಗಮ್ಮ?"

"ಇನ್ಯಾವುದಣ್ಣ, ಸಂಪಿಗೇವೇ. ಮುಂಗಾಲಿನವು. ಚಿಕ್ಕಬೋರಯ್ಯ ಕೊನೇಸಲ ಹೊಡ್ದಿದ್ದು. ನೀನೇ ಮೊದಲ್ನೇ ದಿನ ಕಿತ್ತು ಲಾಯದಲ್ಲಿ ಬಿಸಾಕಿದ್ದೆ, ನಾನು ಶುಭ ಅಂತ ಎತ್ಕೊಂಡು ಹೊಸ್ತಿಲಿಗೆ ಬಡಿಸಿದ್ದೆ."

ಅವನು ಎರಡು ಅಂಗೈಗಳನ್ನೂ ಆ ಲಾಳಗಳ ಮೇಲಿಟ್ಟು ಮಂಡಿಯೂರಿ ಕೂತುಬಿಟ್ಟ. ಒಳಗೆ ಕಾಫಿ ಕುಡಿಯುತ್ತಿದ್ದ ದಲ್ಲಾಳಿ ಇಣುಕಿ, "ಏನಜ್ಜ, ಪೂಜೆ ಆಯ್ತಾ?" ಎಂದ.

"ನೀನು ಹೊರಡಪ್ಪ. ಕುದ್ರೆ ಕೊಡಲ್ಲ."

"ನಂದು ಕುದ್ರೆ, ನೀನ್ಯಾರಣ್ಣ ಕೊಡಲ್ಲ ಅನ್ನಕ್ಕೆ?" ಪುಟ್ಟಗಂಗಮ್ಮ ಸೆರಗು ಸಿಕ್ಕಿಸಿದಳು.

"ಕುಂಟ್ತಿರೋದು ಕುದ್ರೆ ಅಲ್ಲ ಕಣಮ್ಮ, ನನ್ನ ಅರ. ಚಿಕ್ಕಬೋರಯ್ಯ ಅದರ ಕಾಲು ನೋಡಿ ಲಾಳ ಮಾಡ್ದ. ನಾನು ಜೋಡಿ ನೋಡ್ದೆ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬೈದಳು ನೋಡಿ! "ಅಯ್ಯೋ ನಿನ್ನ ಕೈಗಿಷ್ಟು! ಊರೋರ ಹೊಸ್ತಿಲೆಲ್ಲ ಮೂಸ್ತೀಯ, ನನ್ನ ಮನೆ ಹೊಸ್ತಿಲು ಕಾಣ್ಲಿಲ್ವಾ ನಿಂಗೆ?" ಬೈದು ಸುಸ್ತಾದ ಮೇಲೆ ಅವಳೇ ಹೊರಗೆ ಹೋಗಿ ದಲ್ಲಾಳಿಯ ಬೈಕಿಗೆ ದಾರಿ ಬಿಡಿಸಿ ಅವನನ್ನು ಬರಿಗೈಯಲ್ಲಿ ಕಳಿಸಿದಳು.

ಅಂದೇ ಅವನು ಅರುಣಾಗೆ ಫೋನು ಮಾಡಿ, "ನೀನಂದಿದ್ದೇ ದಿಟ ಕಣವ್ವ, ಬಂದು ನಿಂತ್ಕೊಂಡು ಹೇಳು, ನಾನು ಮಾಡ್ತೀನಿ" ಎಂದ. ಲಾಳ ಬಿಚ್ಚಿ, ಮೆತ್ತನೆಯ ಮಣ್ಣಿನಲ್ಲಿ ಬಿಟ್ಟು, ಹಿಮ್ಮಡಿ ತಾನಾಗಿ ಬೆಳೆಯಲೆಂದು ಕಾದರು. ಗೊರಸು ನಮ್ಮ ಅವಸರಕ್ಕೆ ಬೆಳೆಯುವುದಿಲ್ಲ. ಮಳೆಗಾಲ ಮುಗಿದು ಕಾರ್ತಿಕ ಬಂದಾಗ ಸಂಪಿಗೆ, ಮುಂಗಾಲಿಗೆ ಒಂದಕ್ಕೊಂದು ಹೋಲದ ಎರಡು ಲಾಳ ತೊಟ್ಟು, ಗುಬ್ಬಿಯ ಬೀದಿಯಲ್ಲಿ ಮದುವಣಿಗನನ್ನು ಹೊತ್ತು ನಡೆಯಿತು. ಇವನು ಡೊಳ್ಳಿನವರ ಹಿಂದೆ ತಲೆ ತಗ್ಗಿಸಿಕೊಂಡು, ಅದರ ಹೆಜ್ಜೆಯನ್ನೇ ಆಲಿಸುತ್ತ ಬಂದ. ಆಗ ಗಮನಿಸಿದೆ: ಕೋಟು ಬಲಕ್ಕೆ ಜೋಲುತ್ತಿತ್ತು.

"ಕಲ್ಲೆಲ್ಲಪ್ಪ?"

"ಪುಟ್ಟಗಂಗಮ್ಮನ ಬಾಗ್ಲು ಗಾಳಿಗೆ ಬಡ್ಕೊಂತಿತ್ತು ಅತ್ತಿಗೆ, ಅಡ್ಡ ಕೊಟ್ಟು ಬಂದೆ."

ಇಂಥವರನ್ನು ನನ್ನ ಕಾಲದುದ್ದಕ್ಕೂ ಕಂಡಿದ್ದೇನೆ. ಲೋಕದ ವೈವಿಧ್ಯವನ್ನೆಲ್ಲ ಕಣ್ಣು ತುಂಬಾ ನೋಡಿ ಮೆಚ್ಚಬಲ್ಲವರು, ತಮ್ಮ ಮಡಿಲಿಗೆ ಬಂದ ಜೀವವನ್ನು ಮಾತ್ರ ಒಂದೇ ಅಚ್ಚಿಗೆ ತರಲು ಹೆಣಗುತ್ತಾರೆ. ಅಕ್ಕರೆ ಹೆಚ್ಚಾದಷ್ಟೂ ಅರ ಆಳಕ್ಕಿಳಿಯುತ್ತದೆ. ಅವರಲ್ಲಿ ಕೆಲವರಿಗಷ್ಟೇ, ಅದೂ ಮುಪ್ಪಿನಲ್ಲಿ, ಬಗ್ಗಿದ ಕಡೆಯೇ ಕಣ್ಣು ತೆರೆಯುತ್ತದೆ. ಆಮೇಲೆ ಅವರು ಕೊಂಚ ಓರೆಯಾಗಿಯೇ ನಡೆಯುತ್ತಾರೆ, ಹಗುರಾಗಿ.