ಗೆರೆಗೊಂದು ಪಿನ್ನು

ಮೂರನೆಯವಳಾಗಿ ಬಂದ ಹೆಂಗಸು ಕತ್ತರಿ ಎತ್ತಿಕೊಂಡಾಗ ಕಟಿಂಗ್ ಮಾಸ್ಟರ್ ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ನೋಡಿದರೆ ತನ್ನ ಬಾಯಿ ಸುಮ್ಮನಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಹೊಲಿಗೆ ಅಂಗಡಿಯ ಯಜಮಾನರೂ ಅದನ್ನೇ ಹೇಳಿದ್ದರು. “ಮಾಸ್ಟರ್, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಂಡಿರು. ಮೂರು ಜನ ಬರ್ತಾರೆ, ಮೂರು ಜನಾನೂ ಕೆಡಿಸ್ತಾರೆ. ನಿನ್ನ ವೀಸಾಕ್ಕೆ ಇನ್ನೆರಡು ವರ್ಷ ಸಿಕ್ಕಿತು ಅಂತಿಟ್ಕೋ.”

ಎರಡು ವರ್ಷವೆಂದರೆ ಮಗಳ ಶಾಲೆ ಮುಗಿಯುವಷ್ಟು ಕಾಲ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಕಾಲ ಕೆಟ್ಟಾಗ ಸರಕಾರದ ಕಣ್ಣಿಗೆ ಮೊದಲು ಬೀಳುವವರು ಹೊರಗಿನಿಂದ ಬಂದವರು. ಊರಿನ ಕಾರ್ಖಾನೆಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದ್ದಕ್ಕೆ ಇವರೇ ಕಾರಣವೇನೋ ಅನ್ನುವ ಹಾಗೆ ಹೊಸ ನಿಯಮ ಬಂದಿತ್ತು. ಹೊರದೇಶದವನ ವೀಸಾ ಮುಂದುವರಿಯಬೇಕಾದರೆ ಮಾಲೀಕ ಆ ಕೆಲಸಕ್ಕೆ ಮೊದಲು ಇಲ್ಲಿಯವರನ್ನು ಕರೆದು, ಅಧಿಕಾರಿಯ ಎದುರು ಪರೀಕ್ಷೆ ಮಾಡಬೇಕು. ಕೆಲಸ ಬಲ್ಲವರು, ಇಲ್ಲವೇ ಹೇಳಿಕೊಟ್ಟರೆ ಕಲಿಯಬಲ್ಲವರು ಒಬ್ಬರೂ ಸಿಗದಿದ್ದರೆ ಮಾತ್ರ ಹೊರಗಿನವನು ಉಳಿಯಬಹುದು. ಪರೀಕ್ಷೆಗೆ ಬಟ್ಟೆ ಆರಿಸಿದವನು ಮಾಸ್ಟರೇ. ದೊಡ್ಡ ಚೆಕ್ಸಿನ ಉಣ್ಣೆ ಬಟ್ಟೆ. ಎರಡು ಪದರ ಹಾಸಿ ಕೋಟಿನ ಎಡ ಬಲ ಎರಡನ್ನೂ ಒಟ್ಟಿಗೆ ಕತ್ತರಿಸಬೇಕು, ಗುಂಡಿ ಹಾಕಿದಾಗ ಗೆರೆಗೆ ಗೆರೆ ಕೂಡಬೇಕು. ಹನ್ನೊಂದು ವರ್ಷದಲ್ಲಿ ಅವನು ಒಂದು ಗೆರೆಯನ್ನೂ ತಪ್ಪಿಸಿರಲಿಲ್ಲ.

ಮೊದಲು ಬಂದವನು ಬಟ್ಟೆ ನೋಡಿಯೇ ಜಾಗ ಖಾಲಿ ಮಾಡಿದ. ಎರಡನೆಯವನು ಕಾರಿನ ಸೀಟಿಗೆ ಕವರು ಕತ್ತರಿಸುತ್ತಿದ್ದವನಂತೆ, ಕೋಟನ್ನೂ ಹಾಗೇ ಕತ್ತರಿಸಿಟ್ಟು ಹೋದ. ಯಜಮಾನರು ಮಾಸ್ಟರನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಈ ಹೆಂಗಸಿಗೆ ಐವತ್ತರ ಮೇಲಾಗಿತ್ತು. ಮುಚ್ಚಿಹೋದ ಯೂನಿಫಾರ್ಮ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು. ಚಾಕ್‌ಪೀಸು ಬಟ್ಟೆಯ ಮೇಲೆ ಎಲ್ಲೂ ತಡವರಿಸದೆ ಸರಿದ ಸದ್ದು ಕೇಳಿಯೇ ಮಾಸ್ಟರನಿಗೆ ಅವಳ ಕೈ ಪಳಗಿದೆಯೆಂದು ತಿಳಿಯಿತು. ತಿರುಗಿ ನೋಡಬಾರದಿತ್ತು, ನೋಡಿದ. ಯೂನಿಫಾರ್ಮಿನ ಬಟ್ಟೆಗೆ ಗೆರೆಯೆಲ್ಲಿಂದ ಬರಬೇಕು? ಅವಳು ಮೇಲಿನ ಪದರವನ್ನಷ್ಟೇ ನೋಡುತ್ತಿದ್ದಳು. ಅಡಿಯದು ಒಂದು ಬೆರಳಿನಷ್ಟು ಜಾರಿತ್ತು. ಕತ್ತರಿ ಬಾಯಿ ತೆರೆಯಿತು.

“ತಡೀರಿ ತಡೀರಿ! ಕೆಳಗಿನ ಪದರ ಜಾರಿದೆ. ಗೆರೆಗೊಂದು ಪಿನ್ನು ಚುಚ್ಚಿ, ಆಮೇಲೆ ಕತ್ತರಿ ಹಾಕಿ.”

ಯಜಮಾನರು ತಲೆ ತಗ್ಗಿಸಿಕೊಂಡರು. ಹೆಂಗಸು “ಅಯ್ಯೋ, ಹೌದಲ್ಲ!” ಎಂದು ಬಟ್ಟೆ ಸರಿಮಾಡಿ, ಒಂದೊಂದೇ ಪಿನ್ನು ಚುಚ್ಚಿ, ಉಸಿರು ಬಿಗಿಹಿಡಿದು ಕತ್ತರಿಸಿದಳು. ಅಧಿಕಾರಿ ಎರಡು ಭಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಗೆರೆಗಳು ಎಲ್ಲೂ ಮುರಿಯದೆ ಈ ಕಡೆಯಿಂದ ಆ ಕಡೆಗೆ ಹೋಗಿದ್ದವು.

“ಒಂದೇ ಮಾತಿಗೆ ಕಲಿತುಬಿಟ್ರಲ್ಲ,” ಎಂದು ಅವನು ಮಾಸ್ಟರನನ್ನು ನೋಡಿ ಮೆಚ್ಚುಗೆಯಿಂದ ನಕ್ಕ. “ನಿಮ್ಮಂಥೋರು ಹೇಳಿಕೊಟ್ರೆ ಯಾರು ಬೇಕಾದ್ರೂ ಕಲೀತಾರೆ ಬಿಡಿ.” ಕಾಗದದ ಮೇಲೂ ಅದನ್ನೇ ಬರೆದ.

ಅಧಿಕಾರಿ ಹೋದ ಮೇಲೆ ಯಜಮಾನರು ಬೈಯಲೂ ಇಲ್ಲ. “ತಿಂಗಳ ಕೊನೆ ತನಕ ಇದ್ದು ಅವಳಿಗೆ ಎಲ್ಲಾ ತೋರಿಸ್ಕೊಡು,” ಎಂದರು, ಅಷ್ಟೇ.

ಮೆಟ್ಟಿಲಲ್ಲಿ ಆ ಹೆಂಗಸು ಕಾಯುತ್ತಿದ್ದಳು. “ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಅಣ್ಣ. ಒಂದೂವರೆ ವರ್ಷದಿಂದ ಮನೇಲಿ ಕೂತಿದ್ದೆ. ನೀವೇ ಕಲಿಸ್ತೀರಂತಲ್ಲ? ನಿಮಗೆ ಇನ್ನೂ ಮೇಲಿನ ಕೆಲಸ ಕೊಟ್ರಾ?”

“ಹೂಂ,” ಎಂದ ಮಾಸ್ಟರ್. ಅವಳ ಮೇಲೆ ಸಿಟ್ಟು ಬರಲೆಂದು ಅಲ್ಲೇ ಸ್ವಲ್ಪ ಹೊತ್ತು ನಿಂತ. ಬಂದ ಸಿಟ್ಟೆಲ್ಲ ತನ್ನ ನಾಲಿಗೆಯ ಮೇಲೆಯೇ ಬಂತು.

ಮನೆಯಲ್ಲಿ ಹೆಂಡತಿ ಮಗಳ ಶಾಲೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳಿನ್ನೂ ಬಂದಿರಲಿಲ್ಲ. ಅವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದ.

“ನೀವ್ಯಾಕೆ ಬಾಯಿ ಹಾಕಿದ್ರಿ?” ಅವಳು ತಲೆಯೆತ್ತಿ ಕೇಳಿದಳು.

“ಬಟ್ಟೆ ಹಾಳಾಗ್ತಿತ್ತು ಕಣೇ.”

“ಯಾರ ಬಟ್ಟೆ?”

ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೋಟಿನ ತೋಳನ್ನು ಒಳಮಗ್ಗುಲಾಗಿ ತಿರುಗಿಸಿದಳು. ತುದಿಯಲ್ಲಿ ನಾಲ್ಕು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿದಿತ್ತು. ಮಗಳು ಬೆಳೆದಂತೆಲ್ಲ ಬಿಚ್ಚಿ ಉದ್ದ ಮಾಡಿದರೆ ಇನ್ನೆರಡು ವರ್ಷ ಬರಲೆಂದು ಅವನೇ ಬಿಟ್ಟಿದ್ದ ಬಟ್ಟೆ. ಅವಳು ಆ ಮಡಿಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ತೋಳನ್ನು ಮತ್ತೆ ಮೊದಲಿನಂತೆ ಮಾಡಿ, ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.