ಮೈ ಒರೆಸುವ ಪಾಠ

ನೀರು ಬೆಚ್ಚಗಿದೆಯಲ್ಲ, ಹೋದವರಿಗೆ ಬೆಚ್ಚಗಿನ ನೀರು ಯಾಕೆ ಎಂದು ಸುಧಾರಾಣಿ ಬೋಗುಣಿಯಲ್ಲಿ ಬೆರಳಾಡಿಸುತ್ತಾಳೆ, ಈಗರ ಹೋಗ್ಯಾರವ್ವ, ಇನ್ನೂ ನಮ್ಮ ಪೇಶಂಟ್ ಅದಾರ, ಎನ್ನುತ್ತ ಗುಲಾಬಬಿ ಸಿಸ್ಟರ್ ಪರದೆ ಎಳೆಯುತ್ತಾರೆ— ಹಾವೇರಿಯ ದವಾಖಾನೆ, ಗಂಡಸರ ವಾರ್ಡು, ನರ್ಸಿಂಗ್ ಕಲಿಯಲು ಬಂದ ಮೇಲೆ ಅವಳ ಕೈಗೆ ಬಂದ ಮೊದಲ ಹೆಣ, ಹೆಣ ಅನ್ನಬಾರದು, ಡಾಕಪ್ಪ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲ, ನಿನ್ನೆ ಸಂಜೆ ಸಕ್ಕರಿ ಜಾಸ್ತಿ ಹಾಕವ್ವಾ ಎಂದು ಚಹಾ ಕೇಳಿದ್ದವನು ಈಗ ಬಾಯಿ ಅರ್ಧ ತೆರೆದು ಮಲಗಿದ್ದಾನೆ, ಅಂಗೈಗೆರೆಗಳಲ್ಲಿ ಕೆಂಪು ಹಾಗೇ ಕೂತಿದೆ, ಒರೆಸಿದರೂ ಹೋಗುವುದಿಲ್ಲ, ಜೊತೆಯ ಹುಡುಗಿಯರು ಹೆದರಿ ಹೊರಗೆ ಓಡಿದರು, ನೀ ಇರ್ತಿಯೇನು ಎಂದು ಸಿಸ್ಟರ್ ಕೇಳಿದಾಗ ಇರ್ತೇನ್ರಿ ಅಂದವಳು ತಾನೇ, ಯಾಕೆ ಅಂದೆ, ತನ್ನ ಗಂಡ ವೀರೇಂದ್ರನ ಮೈಯನ್ನು ಯಾರು ಒರೆಸಿದರೋ, ಕಾಶ್ಮೀರದ ಆ ಚಳಿಯಲ್ಲಿ ನೀರು ಕಾಯಿಸಿದ್ದರೋ ಇಲ್ಲವೋ, ಊರಿಗೆ, ಕುಪ್ಪೇಲೂರಿಗೆ, ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ, ಮೇಲೆ ಬಾವುಟ, ಒಂದ್ಸಲ ಮುಖ ತೋರಸ್ರಿ ಎಂದು ಅವಳು ಕಾಲು ಹಿಡಿಯಲು ಬಗ್ಗಿದಾಗ ಜೊತೆಗೆ ಬಂದ ಸುಬೇದಾರ ಹಿಂದೆ ಸರಿದು, ಬೇಡ ತಂಗಿ, ರಜೆಗೆ ಬಂದಾಗಿನ ಮುಖವನ್ನೇ ನೆನಪಿಟ್ಟುಕೋ ಎಂದ, ಬಂದೂಕುಗಳು ಆಕಾಶಕ್ಕೆ ಗುಂಡು ಹಾರಿಸಿದವು, ಪೆಟ್ಟಿಗೆ ಸಮೇತ ಮಣ್ಣು ಮಾಡಿದರು, ಆಮೇಲೆ ಸೈನಿಕರ ಕಚೇರಿಯವರು ಬಂದು, ತೀರಿಹೋದ ಸೈನಿಕರ ಹೆಂಡಂದಿರಿಗೆ ನರ್ಸಿಂಗಿನಾಗ ಸೀಟು ಐತಿ, ಫೀ ಇಲ್ಲ, ಹಾಸ್ಟೆಲ್ ಖರ್ಚೂ ನಮ್ಮದು, ಕಲೀತೀರೇನ್ರಿ ಎಂದು ಕೇಳಿದರೆ ಮಾವ ಗುಡದಪ್ಪ ಗೋಡೆಯತ್ತ ತಿರುಗಿ, ನನ್ನ ಮಗನ ಜೀವದ ಬದ್ಲಿ ಬಂದ ಸೀಟು, ಈ ಮನ್ಯಾಗ ಅದರ ಮಾತು ಬ್ಯಾಡ ಅಂದುಬಿಟ್ಟ, ಅತ್ತೆ ಕರೆವ್ವ ಮಾತ್ರ ಬುತ್ತಿ ಕಟ್ಟಿಕೊಂಡು ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ತನಕ ಬಂದು, ಅಂವ ಇದ್ದಿದ್ರ ನಿನಗ ಕಲಸ್ತಿದ್ದಿಲ್ಲೇನು, ಹತ್ತವ್ವ ಬಸ್ಸು ಎಂದಳು— ಹತ್ತಿದಳು, ಹತ್ತಿ ಬಂದಳು, ಆದರೂ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಎಸ್ ಮೇಡಂ ಅಂದಾಗಲೆಲ್ಲ ಅವನಿಲ್ಲ ಎಂದು ತಾನೇ ರುಜು ಹಾಕಿದಂತಾಗುತ್ತದೆ, ಹುಡುಗಿಯರು ಪ್ರೀತಿಯಿಂದಲೇ ಮಿಲಿಟರಿ ಅಕ್ಕಾ ಅಂತಾರೆ, ಆ ಪ್ರೀತಿಯೂ ಚುಚ್ಚುತ್ತದೆ.

ತೋಳು ಎತ್ತು, ಹಗೂರ್ಕ, ಸಿಸ್ಟರ್ ಹೇಳುತ್ತಾರೆ, ತೋಳು ಎಷ್ಟು ಭಾರ, ಅಷ್ಟರಲ್ಲಿ ಪರದೆಯಾಚೆ ಡಾಕಪ್ಪನ ಹೆಂಡತಿ ಮಂಗಳವ್ವನ ದನಿ, ನನ್ನ ಒಳಗ ಬಿಡ್ರಿ ಯವ್ವಾ, ಒಂದ್ಸಲ ಬಿಡ್ರಿ, ಸಿಸ್ಟರ್ ಒಳಗಿನಿಂದಲೇ, ಮುಗೀಲಿ ಬೇ, ಚಂದ ಮಾಡಿ ಆಮ್ಯಾಲ ತೋರಸ್ತೇವಿ ಎನ್ನುತ್ತಾರೆ, ಆಮ್ಯಾಲ, ಆಮ್ಯಾಲ ಎಂಬ ಮಾತು ಸುಧಾರಾಣಿಯ ಎದೆಗೆ ಮೊಳೆಯ ಹಾಗೆ ಹೊಕ್ಕು ಕೈ ನಿಂತುಹೋಗುತ್ತದೆ, ಸಿಸ್ಟರ್, ಅವರನ್ನ ಈಗ ಕರೀಲೇನ್ರಿ, ತನ್ನದೇ ದನಿ, ಹಂಗ ಕರಿಯೂದಿಲ್ಲವ್ವ, ನೋಡಿ ಬಿದ್ದಗಿದ್ದರ, ಬಿದ್ರ ನಾ ಹಿಡೀತೇನ್ರಿ, ಸಿಸ್ಟರ್ ಅವಳ ಮುಖವನ್ನೇ ನೋಡುತ್ತಾರೆ, ಅವರಿಗೆ ಎಲ್ಲ ಗೊತ್ತು, ಕರಿ, ಅಷ್ಟೇ, ಕರಿ— ಪರದೆ ಸರಿಸಿದಾಗ ಮಂಗಳವ್ವ ಹೊಸ್ತಿಲು ದಾಟುವವಳಂತೆ ಸೆರಗು ಹೊದ್ದು ಒಳಬರುತ್ತಾಳೆ, ಬೀಳುವುದಿಲ್ಲ, ಅಳುವುದೂ ಇಲ್ಲ, ಸುಧಾರಾಣಿ ಬಟ್ಟೆ ಹಿಂಡಿ ಅವಳ ಕೈಗಿಡುತ್ತಾಳೆ, ಏನ್ ಮಾಡ್ಲೆವ್ವ ಇದನ್ನ, ಒರಸ್ರಿ ಬೇ, ನಿಮ್ಮ ಕೈಲೇ ಒರಸ್ರಿ, ಮಂಗಳವ್ವ ಹಣೆ ಒರೆಸುತ್ತಾಳೆ, ಗದ್ದ, ಕುತ್ತಿಗೆ, ಆಮೇಲೆ ಬಟ್ಟೆಯ ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಅವನ ಕಿವಿಯ ಹಿಂದೆ, ಯಾವಾಗ್ಲೂ ಇಲ್ಲೇ ಹೊಲಸು ಬಿಟ್ಕೋತಾನ, ಸಣ್ಣ ಹುಡುಗರಗತೆ, ಎಷ್ಟ್ ಹೇಳಿದ್ರೂ ಕೇಳೂದಿಲ್ಲ ಎಂದು ಬೈಯುತ್ತ, ಮೆಲ್ಲಗೆ ತಿಕ್ಕುತ್ತ— ವೀರೇಂದ್ರನ ಕಿವಿಯ ಹಿಂದೆ ಏನಿತ್ತು, ಮಚ್ಚೆಯೇ, ಗಾಯದ ಗುರುತೇ, ರಜೆಗೆ ಬಂದಾಗಿನ ಮುಖ ಬರುತ್ತದೆ, ನಗುತ್ತದೆ, ತಿರುಗು ಅಂದರೆ ತಿರುಗುವುದಿಲ್ಲ, ಅವಳು ಎಂದೂ ಅಲ್ಲಿ ನೋಡಿರಲಿಲ್ಲ, ನೋಡಲು ಇನ್ನೂ ಎಷ್ಟೋ ವರ್ಷಗಳಿವೆ ಅಂದುಕೊಂಡಿದ್ದಳು, ಒದ್ದೆ ಬಟ್ಟೆ ಸುತ್ತಿದ ಹೆಬ್ಬೆರಳು, ಕಿವಿಯ ಹಿಂದೆ, ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ, ಹೆಬ್ಬೆರಳು, ಕಿವಿಯ ಹಿಂದೆ—